ಹಳೇ ಮಾಡ್ಯೂಲು ಲೋಡ್ ಆದ ಸೋಮವಾರ

ಚೇತನ್ ಮತ್ತು ನಾನು ಆಫೀಸಿನ ಅರ್ಧ ಕೆಲಸವನ್ನು ಕಾರಿನಲ್ಲೇ, ಕನ್ನಡದಲ್ಲೇ ತೀರ್ಮಾನಿಸಿಬಿಡುತ್ತಿದ್ದೆವು. ಅವನು ನನ್ನ ಟೀಮ್ ಲೀಡ್, ಮೈಸೂರಿನವನು. ನೇಪರ್‌ವಿಲ್‌ನಲ್ಲಿ ನಮ್ಮ ಮನೆಗಳಿದ್ದದ್ದು ಒಂದೇ ಬಡಾವಣೆಯಲ್ಲಿ, ಆಫೀಸಿಗೆ ಹೋಗುತ್ತಿದ್ದದ್ದು ಒಂದೇ ಕಾರಿನಲ್ಲಿ. ಆಡಿದ್ದನ್ನು ಬರೆದಿಡುವ ಅಭ್ಯಾಸ ನಮಗಿರಲಿಲ್ಲ.

ಆ ವಾರ ಡೆಟ್ರಾಯಿಟ್‌ನಲ್ಲಿರುವ ಕಾರಿನ ಬಿಡಿಭಾಗಗಳ ಗೋದಾಮೊಂದರ ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸುವುದಿತ್ತು. ಯಾವ ಭಾಗ ಯಾವ ಕಪಾಟಿನಲ್ಲಿದೆ ಎಂದು ಹೇಳುವುದು ನಾವೇ ಬರೆದ ಒಂದು ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು. ಡೇಟಾಬೇಸ್ ಅದನ್ನು ಹುಡುಕಿ ಲೋಡ್ ಮಾಡಿಕೊಳ್ಳಬೇಕು. ಅದಕ್ಕೆ ಮಾಡ್ಯೂಲ್ ಇರುವ ಒಂದೇ ಫೋಲ್ಡರಿನ ಪೂರ್ತಿ ವಿಳಾಸ ಕೊಡಬಹುದು, ಇಲ್ಲವೇ ನಾಲ್ಕಾರು ಫೋಲ್ಡರುಗಳನ್ನು ಸಾಲಾಗಿ ಹೇಳಬಹುದು. ಸಾಲು ಕೊಟ್ಟರೆ ಮೊದಲು ಸಿಕ್ಕಿದ್ದೇ ಲೋಡ್ ಆಗುತ್ತದೆ.

"ಎಲ್ಲಾ ಟೀಮೂ ಬಳಸೋ ಫೋಲ್ಡರ್‌ನ ಮೊದಲು ಹಾಕ್ಬಿಡಿ," ಎಂದ ಚೇತನ್, ಟೋಲ್ ದಾಟುತ್ತ.

"ಅದ್ರಲ್ಲಿ ಅದೇ ಹೆಸರಿನ ಹಳೇದು ಬಿದ್ದಿದ್ರೆ? ಅದೇ ಎದ್ದು ಬರತ್ತೆ. ಪೂರ್ತಿ ವಿಳಾಸ ಕೊಡೋಣ."

"ನೀವು ಬಾಗಿಲಿಗೆ ಮೂರು ಬೀಗ ಹಾಕೋ ಪೈಕಿ! ಹಾಕಿ ನಿರುಪಮಾ, ನಾನಿದೀನಲ್ಲ."

ಅವನು ಹೇಳಿದ ಹಾಗೆಯೇ ಹಾಕಿದೆ. ಆ ತಿಂಗಳು ನನ್ನ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. ನನ್ನನ್ನು ಕಾಯಂ ಮಾಡಿ ಎಂದು ಮೇಲಿನವರಿಗೆ ಹೇಳಬೇಕಾದವನು ಅವನೇ. ಆಗದಿದ್ದರೆ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಮಗಳು ಧೃತಿಯನ್ನು ಬಿಡಿಸಿಕೊಂಡು, ಕೆಲಸ ಸಿಕ್ಕ ಊರಿಗೆ ಹೋಗಬೇಕಿತ್ತು.

ಸೋಮವಾರ ಹಳೆಯ ಮಾಡ್ಯೂಲೇ ಲೋಡ್ ಆಯಿತು. ಬ್ರೇಕ್ ಪ್ಯಾಡ್ ಇರಬೇಕಾದ ಕಪಾಟಿನಲ್ಲಿ ವೈಪರ್ ಸಿಕ್ಕಿತು. ಟ್ರಕ್ಕುಗಳು ಗೋದಾಮಿನ ಮುಂದೆ ನಿಂತವು.

ಫೋಲ್ಡರಿನ ಸಾಲು ಯಾರದು ಎಂದು ಮ್ಯಾನೇಜರ್ ಡೆಬ್ರಾ ಕಾಲ್‌ನಲ್ಲಿ ಕೇಳಿದಳು. ನಿರುಪಮಾ ಬರೆದದ್ದು, ಎಂದ ಚೇತನ್ ಇಂಗ್ಲಿಷಿನಲ್ಲಿ. ಸುಳ್ಳೇನಲ್ಲ. ನಾನು ಬೇಡವೆಂದಿದ್ದೆ, ಎಂದೆ. ಹಾಗೆ ಬರೆದ ಮೇಲ್ ಎಲ್ಲಿ, ಎಂದಳು. ಮೊದಲು ಟ್ರಕ್ಕುಗಳ ವಿಷಯ ನೋಡೋಣ, ಎಂದ ಚೇತನ್.

ಆಮೇಲೆ ಅವನ ಫೋನ್ ಬಂತು, ಕನ್ನಡದಲ್ಲಿ.

"ಬೇಜಾರ್ ಮಾಡ್ಕೋಬೇಡಿ. ಕಾಯಂ ವಿಷ್ಯ ಇನ್ನು ಕಷ್ಟ ಆಗತ್ತೆ, ನಾನೇನ್ ಮಾಡ್ಲಿ? ಈಗ ಆ ಪೂರ್ತಿ ವಿಳಾಸ ಹಾಕ್ಕೊಟ್ಬಿಡಿ."

"ಹಾಕ್ತೀನಿ, ಆದ್ರೆ ಮೊದ್ಲು ನೀವೊಂದು ಕೆಲ್ಸ ಮಾಡಿ. ನಿರುಪಮಾ ಮೊದಲೇ ಇದನ್ನೇ ಹೇಳಿದ್ರು ಅಂತ ಡೆಬ್ರಾಗೆ ಬರೀರಿ."

"ಏನ್ರೀ ಇದು, ಹೊರಗಿನೋರ ಥರ ಮಾತಾಡ್ತೀರಾ!"

"ಹಾಗೇ ಅಂದ್ಕೊಳ್ಳಿ."

ಫೋನ್ ಇಟ್ಟುಬಿಟ್ಟ. ಡೆಬ್ರಾಗೆ ಬರೆಯಲಿಲ್ಲ, ನಾನೂ ವಿಳಾಸ ಹಾಕಲಿಲ್ಲ. ಇನ್ಯಾರೋ ವಿಳಾಸ ಹಾಕಿದರು, ಟ್ರಕ್ಕುಗಳು ಹೊರಟವು.

ಸಂಜೆ ಧೃತಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ, ಶಾಲೆ ಬಿಡಬೇಕಾಗಬಹುದು ಎಂಬುದನ್ನೂ.

"ಬಟ್ ಯು ವರ್ ರೈಟ್, ಅಮ್ಮಾ," ಎಂದಳು.

ಹೌದು, ಎಂದೆ. ಅದರಿಂದ ಅವಳಿಗೆ ಆಗುವ ಉಪಕಾರ ಏನೂ ಇರಲಿಲ್ಲ.