ಮನೆಪಟ್ಟಿ ಬೇಡವೆಂದ ವರ್ಷ

ಮಾಯಕ್ಕ ಕಿಂಡಿಯೊಳಗೆ ಚಾಚಿದ ನೋಟುಗಳನ್ನು ಬಾಳೇಶ ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದ.

"ಈ ವರ್ಷ ನಿಮ್ಮ ಮನಿಪಟ್ಟಿ ಇಲ್ರಿ ಆಯಿ. ನಿಮ್ಮ ವಸ್ತಿದು ಯಾರದೂ ಇಲ್ಲ. ತಗೊಂಡ ಹೋಗ್ರಿ."

"ಯಾಕೋ, ನನ್ನ ರೊಕ್ಕ ನಾರತೈತೇನ?"

ಪಂಚಾಯಿತಿಯಲ್ಲಿ ಕರ ವಸೂಲಿ ಮಾಡುವ ಬಾಳೇಶ ನಕ್ಕ. "ಸರಕಾರ ನಿಮ್ಮ ಮುನ್ನೂರು ರೂಪಾಯಿ ಮ್ಯಾಲ ನಡಿಯಂಗಿಲ್ರಿ. ಉಳೀತಂತ ಖುಷಿ ಪಡ್ರಿ."

"ಮತ್ತ ಯಾರದರ ಮ್ಯಾಲ ನಡಿತೈತಿ?"

ಅವನು ಮೊಬೈಲು ನೋಡತೊಡಗಿದ.

ಹಿಂದೆ ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಪ್ರಮಿಳಾ, "ಚಲೋ ಆತು ಬಿಡ ಅತ್ತಿ, ನಾ ಬೆಳಗಾವಿ ಖಾಸಬಾಗ ಸಂತಿಗಿ ಹೋಗಿ ಸೀರಿ ತರತೇನಿ" ಅಂದಳು. ಮಾಯಕ್ಕ ನಗಲಿಲ್ಲ.

ಅವರ ವಸ್ತಿ ಅಂದರೆ ಖಾನಾಪುರದ ಆಚೆ, ಕಾಡಿಗೆ ಹತ್ತಿದಂತೆ ಎಮ್ಮೆ ಕಟ್ಟಿಕೊಂಡವರ ಹನ್ನೊಂದು ಮನೆಗಳು. ಅವಕ್ಕೆ ಜಾಗದ ಉತಾರ ಇರಲಿಲ್ಲ, ಹಕ್ಕುಪತ್ರ ಇರಲಿಲ್ಲ. ಅಲ್ಲಿ ಜನ ಇದ್ದಾರೆ ಎಂಬುದಕ್ಕೆ ವರ್ಷ ವರ್ಷ ಪಟ್ಟಿ ಕಟ್ಟಿದ ಪಾವತಿ ಚೀಟಿಯೊಂದೇ ಕಾಗದ. ನಾಲ್ಕು ರೂಪಾಯಿ ಕಟ್ಟಿದ ಮೊದಲ ವರ್ಷ ಅವಳ ಗಂಡ ಆ ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದಿದ್ದ. ಮಳೆ ಬಂದು ಗೋಡೆ ಬಿದ್ದ ವರ್ಷವೂ ಕಟ್ಟಿದ್ದರು. ಆಗ ಯಾರೂ ಬೇಡ ಅಂದಿರಲಿಲ್ಲ.

ಹೋದ ತಿಂಗಳು ಜೀಪಿನಲ್ಲಿ ಇಬ್ಬರು ಬಂದು ಮನೆಗಳ ಹಿಂದೆ ಟೇಪು ಹಿಡಿದು ಜಾಗ ಅಳೆದಿದ್ದರು. ಕೊಟ್ಟ ಮಜ್ಜಿಗೆ ಕುಡಿದರು. ಯಾತಕ್ಕೆಂದು ಹೇಳಲಿಲ್ಲ.

ಮಗ ಭರಮಣ್ಣ ಬೆಳಗಾವಿಯ ನೆಹರು ನಗರದ ಒಂದು ದವಾಖಾನೆಯಲ್ಲಿ ವಾಚಮನ್. ಸೂಟಿಗೆ ಊರಿಗೆ ಬಂದವನು ಅವ್ವನ ಜೊತೆ ಪಂಚಾಯಿತಿಗೂ ಬಂದಿದ್ದ. "ಯವ್ವಾ, ಒಲ್ಲೆ ಅನ್ನಾವ್ರಿಗಿ ಯಾಕ ಕೊಡತಿ? ಬೆಳಗಾವ್ಯಾಗ ಮಂದಿ ತೆರಗಿ ತಪ್ಪಸಾಕ ವಕೀಲರ್ನ ಇಟಗೋತಾರ" ಅಂದ.

"ಅವರ ಬಂಗ್ಲೆಕ್ಕ ಟೇಪ ಹಿಡಿಯಾಕ ಯಾರೂ ಬರಂಗಿಲ್ಲೋ."

ಅವಳು ಮತ್ತೆ ಕಿಂಡಿಗೆ ಮುಖ ಕೊಟ್ಟಳು. "ಬಾಳೇಶ, ರೊಕ್ಕ ಬ್ಯಾಡಾದ್ರ ಬಿಡು. ಮಾಯಕ್ಕ ಪಟ್ಟಿ ಕಟ್ಟಾಕ ಬಂದಿದ್ಲು, ನಾವ ಒಲ್ಲೆ ಅಂದೇವಿ ಅಂತ ಒಂದ ಚೀಟಿ ಬರಿ. ಪಂಚಾಯ್ತಿ ಸಿಕ್ಕಾ ಹೊಡಿ. ನಾಳೆ ಯಾರರ ನೀವು ಇಲ್ಲಿ ಇದ್ದೇ ಇಲ್ಲ ಅಂದ್ರ ತೋರಸಾಕ ಬೇಕು."

ಬಾಳೇಶನ ನಗು ಹೋಯಿತು. ಒಮ್ಮೆ ತಿರುಗಿ ಒಳಗಿನ ಬಾಗಿಲು ನೋಡಿದ.

"ಹಂಗ ಬರಿಯಾಕ ಬರಂಗಿಲ್ರಿ."

"ಬಾಯಿಲೆ ಅನ್ನಾಕ ಬರತೈತಿ, ಬರಿಯಾಕ ಬರಂಗಿಲ್ಲ?"

"ಆಯಿ, ಮ್ಯಾಲಿಂದ ಹೇಳ್ಯಾರ. ನನ್ನ ಕೇಳಬ್ಯಾಡ್ರಿ," ಎಂದು ದನಿ ತಗ್ಗಿಸಿದ. ಅವಳ ಕಣ್ಣು ತಪ್ಪಿಸಿ ಕಿಂಡಿ ಮುಚ್ಚಿದ.

ಮಾಯಕ್ಕ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಮಿಳಾ ಕಟ್ಟೆಯಿಂದ ಎದ್ದಳು. ಸೊಂಟದ ಚೀಲದಿಂದ ನೋಟು ತೆಗೆದು ಅವಳ ಬೆನ್ನಿಗೆ ಬಂದು ನಿಂತಳು. ಭರಮಣ್ಣ ದೂರ ಹೋಗಿ, ವಸ್ತಿಯವರಿಗೆ ಒಬ್ಬೊಬ್ಬರಾಗಿ ಫೋನು ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದೂ ಮನೆಯವರು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು, ಮುಷ್ಟಿಯಲ್ಲಿ ರೊಕ್ಕ ಹಿಡಿದುಕೊಂಡು. ಮುಚ್ಚಿದ ಕಿಂಡಿಯ ಆಚೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು.