ಕೈ ಮಾಡಿದವರಿಗೆಲ್ಲ ನಿಲ್ಲುವ ಕಾರು

ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಕುಷ್ಟಗಿಯ ಆಚೆ ಸೈಟು ಮಾರಾಟವಾಗದೆ ಬಿದ್ದಿದ್ದ ಒಂದು ಲೇಔಟಿನ ಕೆಂಪು ಮಣ್ಣಿನಲ್ಲಿ, ನಮ್ಮ ಜಮೀರಣ್ಣ ಕಾರ್ ರೇಸಿನ ನಟ್ಟನಡುವೆ ಗಾಡಿ ನಿಲ್ಲಿಸಿದ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ತಿರುವಿನ ಬದಿಯಲ್ಲಿ ಬಜಿ ಕರಿಯುತ್ತಿದ್ದ ಹುಲಗಮ್ಮನನ್ನು ಕೇಳಿದ: “ಎಲ್ಲಿಗೆ ಬೇ?”

ಅವಳೂ ತಡ ಮಾಡಲಿಲ್ಲ. “ಯಲಬುರ್ಗಾ ಹೊಕ್ಕೈತೇನಪಾ?”

ತಿರುವಿನ ಅಂಚಿಗೆ ಸಾಲಾಗಿ ಒಟ್ಟಿದ್ದ ಹೊಟ್ಟಿನ ಚೀಲಗಳ ಹಿಂದೆ ನಿಂತಿದ್ದ ನಾನು ಹಣೆ ಹಣೆ ಬಡಿದುಕೊಂಡೆ.

ಅಣ್ಣ ಹದಿನಾರು ವರ್ಷದಿಂದ ಗಂಗಾವತಿಗೂ ಸಿದ್ದಾಪುರಕ್ಕೂ ನಡುವೆ ಬಾಡಿಗೆಯ ಕ್ರೂಸರ್ ಜೀಪು ಓಡಿಸುತ್ತಾನೆ. ಗದ್ದೆಯ ಬದುವಿನ ಮೇಲೆ, ಕಾಲುವೆಯ ಸೇತುವೆಯ ಹತ್ತಿರ, ಎಲ್ಲೇ ಯಾರೇ ಕೈ ಮಾಡಲಿ, ಅವನ ಕಾಲು ಬ್ರೇಕಿನ ಮೇಲೆ ತಾನೇ ಹೋಗುತ್ತದೆ. ಒಳಗೆ ಹದಿನಾಲ್ಕು ಜನ ತುಂಬಿದ್ದರೂ ಹದಿನೈದನೆಯವರಿಗೆ ನಿಲ್ಲಿಸಿ, “ಮುಂದಿಂದು ಬರ್ತೈತಿ ನೋಡ್ರಿ” ಎಂದು ಹೇಳಿಯೇ ಮುಂದೆ ಹೋಗುವವನು. ಅಂಥವನು ಎರಡು ವರ್ಷದ ಹಿಂದೆ ನವಲಿಯ ಮೇಷ್ಟ್ರೊಬ್ಬರಿಂದ ಹಳೆಯ ಮಾರುತಿ ಕಾರು ಕೊಂಡ. ರವಿವಾರ ರವಿವಾರ ಅದರ ಕೆಳಗೆ ಮಲಗಿ ಏನೇನೋ ಬಿಚ್ಚಿದ, ಏನೇನೋ ಕಟ್ಟಿದ. ಈಗ ನಮ್ಮ ಕಡೆಯ ಕಾರು ಕ್ಲಬ್ಬಿನ ಎರಡು ದಿನದ ರೇಸಿಗೆ ಹೆಸರು ಕೊಟ್ಟು ಬಂದಿದ್ದ. ಸುಣ್ಣದ ಗೆರೆಯ ನಡುವೆ ಒಬ್ಬೊಬ್ಬರೇ ಒಂದು ಸುತ್ತು ಹೊಡೆಯಬೇಕು. ಶನಿವಾರ ರೂಢಿಗೆ ಒಂದು ಸುತ್ತು, ರವಿವಾರ ಎರಡು. ರವಿವಾರದ ಎರಡರಲ್ಲಿ ಬೇಗ ಮುಗಿದದ್ದು ಲೆಕ್ಕಕ್ಕೆ.

ಅವನ ಕಣ್ಣು ಬಹುಮಾನದ ಕಪ್ಪಿನ ಮೇಲಿರಲಿಲ್ಲ. ಸಣ್ಣ ಕಾರುಗಳಲ್ಲಿ ಮೊದಲು ಬಂದ ಮೂವರನ್ನು ಕ್ಲಬ್ಬಿನವರು ಬರುವ ತಿಂಗಳು ಹೊರ ಜಿಲ್ಲೆಯ ದೊಡ್ಡ ರ‍್ಯಾಲಿಗೆ ಕರೆದೊಯ್ಯುತ್ತಾರೆ.

“ಅಲ್ಲಿ ಇಪ್ಪತ್ತು ಕಿಲೋಮೀಟರ್ ದಾರಿ ಬಂದ್ ಮಾಡಿ ಕೊಡ್ತಾರಂತ, ಅಂಜೂ,” ಎಂದು ಬರುವಾಗ ದಾರಿಯುದ್ದಕ್ಕೂ ಹೇಳಿದ್ದ. “ಎದುರಿಗೆ ಒಂದು ಎತ್ತಿಲ್ಲ, ಟ್ರ್ಯಾಕ್ಟರ್ ಇಲ್ಲ, ಮನಷ್ಯಾ ಇಲ್ಲ. ಹದಿನಾರು ವರ್ಷದಾಗ ಒಂದು ಸಲಾನೂ ನಾ ಗಂಗಾವತಿ ಬಿಟ್ಟು ಸಿದ್ದಾಪುರತನಕ ನಿಲ್ಲದಂಗ ಹೋಗಿಲ್ಲ ನೋಡು.”

ಆ ಮಾತು ಕೇಳಿ ನನ್ನ ಕಣ್ಣೂ ಒದ್ದೆಯಾಗಿತ್ತು. ಈಗ ಅದೇ ಅಣ್ಣ ನಾನೇ ಕತ್ತರಿಸಿ ಅಂಟಿಸಿದ ಹದಿನೇಳನೇ ನಂಬರಿನ ಕಾರಿನಲ್ಲಿ ಕುಳಿತು ಯಲಬುರ್ಗಾಕ್ಕೆ ಸೀಟು ಕೇಳುತ್ತಿದ್ದ.

ಎಲ್ಲರದೂ ಒಂದು ನಿಮಿಷ ಏಳೆಂಟು ಸೆಕೆಂಡಿನಲ್ಲಿ ಮುಗಿದಿತ್ತು. ಅಣ್ಣನದು ಒಂದು ನಿಮಿಷ ಮೂವತ್ತನಾಲ್ಕು. ಕ್ಲಬ್ಬಿನ ಕಾರ್ಯದರ್ಶಿ ರುದ್ರೇಶ ಸರ್, ಗಂಗಾವತಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟವರು, ಹಾಳೆಯಿಂದ ತಲೆ ಎತ್ತದೆ ಕೇಳಿದರು: “ತಂಗಿ, ನಿಮ್ಮಣ್ಣ ಟಿಕೀಟನೂ ಹರದು ಕೊಟ್ನೇನು?”

ನಾನು ಹುಲಗಮ್ಮನ ಹತ್ತಿರ ಜಗಳಕ್ಕೆ ಹೋದೆ.

“ನಾ ಎಲ್ಲಿ ಕೈ ಮಾಡಿದ್ನೆವಾ? ಹೊಗಿ ಬಡೀತು, ಕೈಲೆ ಬೀಸಿಕೊಂಡೆ.”

“ಮತ್ತ ಯಲಬುರ್ಗಾ ಅಂದಿದ್ಯಾಕ?”

“ಗಾಡಿ ತಾನಾಗಿ ಬಂದು ನಿಂತ್ರ ಬ್ಯಾಡ ಅಂತಾರೇನು?” ಎಂದು ಅವಳು ಮೆಣಸಿನಕಾಯಿ ಎಣ್ಣೆಗೆ ಬಿಟ್ಟಳು.

ರವಿವಾರ ಬೆಳಿಗ್ಗೆ ನಾನು ಸುತ್ತಲಿನ ಜನಕ್ಕೆಲ್ಲ ಹೇಳುತ್ತ ಹೋದೆ: ಹದಿನೇಳನೇ ನಂಬರು ಬರುವಾಗ ದಯಮಾಡಿ ಯಾರೂ ಕೈ ಎತ್ತಬೇಡಿ. ಅಷ್ಟು ಹೇಳಿದ್ದೇ ತಡ, “ಯಾಕ್ರೀ?” ಎಂದು ಕೇಳಲು ಎಲ್ಲರೂ ಕೈ ಎತ್ತಿದರು. ಒಬ್ಬಾತ ಮೊಬೈಲಿನಲ್ಲಿ ಚಿತ್ರ ತೆಗೆಯಲು ಕೈ ಎತ್ತಲೇಬೇಕಲ್ಲ ಎಂದ. ಇನ್ನೊಬ್ಬರು ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದರೆ ನಡೆಯುತ್ತದೆಯೇ ಎಂದು ವಿಚಾರಿಸಿದರು. ಮೂರನೆಯವರು ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಮರುಗಿ ನೀರು ಕೊಟ್ಟರು. ಇಡೀ ಸುತ್ತು ತಿರುಗಿ ಬರುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು.

ಅಷ್ಟರಲ್ಲಿ ಅಣ್ಣನ ಹೆಂಡತಿ ಜಾಸ್ಮೀನ ಭಾಬಿ ಯಾರದೋ ಆಟೋ ಮಾಡಿಸಿಕೊಂಡು ನಮ್ಮ ದಾದಿಯನ್ನು, ಅಪ್ಪನ ತಾಯಿಯನ್ನು, ಕರೆತಂದಳು. ದಾದಿ ಶಾಹಜಾದಬಿಗೆ ಎಪ್ಪತ್ತೆಂಟು. ನಾನು ಬೆಳೆದದ್ದೇ ಅವಳ ಕಥೆಗಳಲ್ಲಿ. ಏಳು ಗುಡ್ಡದ ಆಚೆಯ ದಾಳಿಂಬೆ ತರಲು ಕುದುರೆ ಏರಿ ಹೋಗುವ ರಾಜಕುಮಾರ; ದಾರಿಯ ಎರಡೂ ಬದಿಯಲ್ಲಿ ಕರೆಯುವ ದನಿಗಳು; ಯಾರು ಕರೆದರೂ ಹೊರಳಬಾರದು, ಹೊರಳಿದವನು ಅಲ್ಲೇ ಕಲ್ಲು. ಗಂಗಾವತಿಯಿಂದ ಹೇಮಗುಡ್ಡದ ತನಕ ಬಿದ್ದಿರುವ ಬಂಡೆಗಳೆಲ್ಲ ಹಾಗೆ ಹೊರಳಿ ನೋಡಿದ ಸವಾರರೇ ಎಂದು ಹತ್ತನೇ ಇಯತ್ತೆಯವರೆಗೆ ನಾನು ನಂಬಿದ್ದೆ. ಈಗಲೂ ಸಂಜೆಯ ಬಸ್ಸಿನಲ್ಲಿ ಬರುವಾಗ ಒಂದೆರಡು ಬಂಡೆಗೆ ಮೂಗು ಕಂಡಂತಾಗುತ್ತದೆ.

ಮೊದಲ ಸುತ್ತಿಗೆ ಅಣ್ಣ ಹೊರಟಾಗ ನನಗೆ ಕಾರು ಕಾಣಲೇ ಇಲ್ಲ, ಧೂಳಿನಲ್ಲಿ ಒಂದು ಕುದುರೆಯೇ ಕಂಡಿತು. ಹುಲಗಮ್ಮನ ತಿರುವು ದಾಟಿದ. ಅವಳು ಎರಡೂ ಕೈ ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು, ಪುಣ್ಯಾತಗಿತ್ತಿ. ಎರಡನೇ ತಿರುವು, ಮೂರನೇ ತಿರುವು. ಕೊನೆಯ ತಿರುವಿನಲ್ಲಿ ದಾದಿ ಕುರ್ಚಿಯಿಂದ ಎದ್ದು ನಿಂತು ಎರಡೂ ಕೈ ಆಕಾಶಕ್ಕೆ ಎತ್ತಿದಳು.

ಕಾರು ಸಣ್ಣಗೆ ಮುಗ್ಗರಿಸಿತು. ನಿಲ್ಲಲಿಲ್ಲ, ಆದರೆ ಮುಗ್ಗರಿಸಿತು. ಒಂದು ನಿಮಿಷ ಏಳೂವರೆ ಸೆಕೆಂಡು. ನಾಲ್ಕನೇ ಸ್ಥಾನ. ಮೂರನೆಯವನು ಅಕ್ಕಿ ಗಿರಣಿಯ ಗವಿಸಿದ್ದೇಶ, ಒಂದು ನಿಮಿಷ ಆರು ಸೆಕೆಂಡು.

“ದಾದಿ! ಕೈ ಯಾಕ ಎತ್ತಿದಿ?”

“ದುವಾ ಕೇಳಾಕ ಕೈ ಎತ್ತಲ್ದ ಕಾಲು ಎತ್ತಲೇನು?”

“ಕರದ್ರ ಹೊಳ್ಳಬಾರ್ದು ಅಂತ ನೀನಽ ಕಥಿ ಹೇಳಿದ್ದೆಲ್ಲ!”

“ಅದು ರಾಜಕುಮಾರಂದು. ಇವ ನನ್ನ ಮೊಮ್ಮಗ,” ಎಂದು ದಾದಿ ಕುಳಿತಳು.

ನನಗೆ ತಲೆ ಕೆಟ್ಟಿತು. ನೇರ ಅಣ್ಣನ ಕಿಟಕಿಗೆ ಹೋಗಿ ಹೆಲ್ಮೆಟ್ಟಿಗೆ ಬಾಯಿ ಹಚ್ಚಿ ಹೇಳಿದೆ: “ಇದು ಕಡೀ ಸುತ್ತು. ಯಾರರ ಕೈ ಮಾಡ್ಲಿ, ನಿಲ್ಲಬ್ಯಾಡ. ಕೈ ಕಂಡ್ತು ಅಂದ್ರ ಇನ್ನಷ್ಟು ಜೋರು ತುಳಿ.”

“ದಾದಿ ಬಿದ್ರೂ?”

“ದಾದಿ ಬಿದ್ರೂ! ನಾ ಹಿಡ್ಕೊಂತೀನಿ. ಹೇಳು, ನಿಲ್ಲಂಗಿಲ್ಲ ಅಂತ ಹೇಳು.”

ಮೂರು ಸಲ ಹೇಳಿಸಿದೆ. ಸ್ಟೇರಿಂಗ್ ಮುಟ್ಟಿ ಹೇಳಿದ.

ಆ ಸುತ್ತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವನು ಅಷ್ಟು ಚೆಂದ ಗಾಡಿ ಓಡಿಸುತ್ತಾನೆಂದು ನನಗೂ ಗೊತ್ತಿರಲಿಲ್ಲ. ಹೊಟ್ಟಿನ ಚೀಲಕ್ಕೆ ಗೇಣು ಬಿಟ್ಟು ತಿರುಗುತ್ತಿದ್ದ. ಹಿಂದಿನ ಗಾಲಿ ಜಾರಿದರೆ ಕೈಯಲ್ಲಿ ಹಿಡಿದು ಎಳೆದಂತೆ ಸಾಲಿಗೆ ತರುತ್ತಿದ್ದ. ಮೂರನೇ ತಿರುವು ಮುಗಿಯಿತು. ಆಗ ಎಡಗಡೆಯ ಚೀಲಗಳ ಸಂದಿಯಿಂದ ಕುರಿ ಬಂದವು. ಒಂದಲ್ಲ, ಎರಡಲ್ಲ, ನಲವತ್ತು. ಹಿಂದೆ ಬಡಿಗೆ ಹಿಡಿದ ಕುರಿಗಾರ ಗೋಣೆಪ್ಪ.

ತಿರುವಿನಲ್ಲಿ ನಿಂತಿದ್ದ ಕ್ಲಬ್ಬಿನವನು ಮುಂದೆ ಜಿಗಿದು ಕೆಂಪು ಬಾವುಟ ಎತ್ತಿದ.

ಅಣ್ಣ ಇನ್ನಷ್ಟು ಜೋರು ತುಳಿದ.

ಮೊದಲ ಕುರಿಯ ಮೂಗಿಗೆ ಒಂದು ಮಾರು ಮುಂದೆ ಹಾಯ್ದು, ಗೆರೆ ದಾಟಿ ನಿಂತ. ಜನ ಸಿಳ್ಳೆ ಹಾಕಿದರು. ದಾದಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ರುದ್ರೇಶ ಸರ್ ಪೆನ್ನು ತೆಗೆದು ಹದಿನೇಳನೇ ಸಾಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

“ಕೆಂಪು ಬಾವುಟಕ್ಕ ನಿಲ್ಲಲಿಲ್ಲ ಅಂದ್ರ ಹೊರಗಽ, ತಂಗಿ. ರವಿವಾರದ ಎರಡೂ ಸುತ್ತು ರದ್ದು. ನಿನ್ನೆ ಮುಂಜಾನಿ ಎಲ್ಲಾರ್ನೂ ನಿಲ್ಲಿಸಿ ಹೇಳೀನಿ.”

“ಕುರಿ ಬಂದಿದ್ದು ನಮ್ಮ ತಪ್ಪೇನ್ರಿ?”

“ಅಲ್ಲ. ಅದಕ್ಕಽ ನಿಂತಿದ್ರ ಇನ್ನೊಂದು ಸುತ್ತು ಕೊಡ್ತಿದ್ವಿ.”

ಎರಡು ದಿನದಲ್ಲಿ ಅವನು ನಿಲ್ಲಲೇಬೇಕಾಗಿದ್ದ ಒಂದೇ ಒಂದು ಜಾಗ ಅದು. ಹುಲಗಮ್ಮನಿಗೆ ನಿಂತ, ದಾದಿಗೆ ಮುಗ್ಗರಿಸಿದ. ಅಲ್ಲಿ ಮಾತ್ರ ತಂಗಿಯ ಮಾತು ಕೇಳಿದ. ನಾನು ಗೋಣೆಪ್ಪನ ಮೇಲೆ ಹರಿಹಾಯ್ದೆ. “ನನ್ನ ಕುರಿ ದಿನಾ ಇದಽ ದಾರಿಲೆ ಹೊಕ್ಕಾವು. ನಿಮ್ಮ ರೇಸು ಎಂದಿಂದ ಹತ್ತೇತಿ ಇಲ್ಲಿ?” ಎಂದು ಅವನು ಕುರಿ ಎಣಿಸುತ್ತ ನಡೆದ. ಮತ್ತೆ ಬಂದು ರುದ್ರೇಶ ಸರ್ ಮುಂದೆ ನಿಂತೆ.

“ಟೈಮಾದ್ರೂ ಹೇಳ್ರಿ.”

“ರದ್ದಾದದ್ದಕ್ಕ ಟೈಮ್ ಇರಂಗಿಲ್ಲವಾ.”

“ಇರಂಗಿಲ್ಲ ಅಂದ್ರ ಹ್ಯಾಂಗ್ರಿ? ಗಾಡಿ ಓಡೇತಿ, ನಿಮ್ಮ ಗಡಿಯಾರ ಓಡೇತಿ!”

ಅವರು ಆಚೀಚೆ ನೋಡಿ, ಹಾಳೆಯ ಅಂಚಿನಲ್ಲಿ ಬರೆದಿದ್ದನ್ನು ಬೆರಳಿನಿಂದ ತೋರಿಸಿದರು. ಒಂದು ನಿಮಿಷ ಮೂರು ಸೆಕೆಂಡು. ಸಣ್ಣ ಕಾರುಗಳಲ್ಲೇ ಅಷ್ಟು ಬೇಗ ಯಾರೂ ಬಂದಿರಲಿಲ್ಲ.

ಅಣ್ಣ ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಟ್ಟಿನ ಚೀಲದ ಮೇಲೆ ಕುಳಿತಿದ್ದ. ಹೋಗಿ ಹೇಳಿದೆ. ಅವನು ಹೆಲ್ಮೆಟ್ಟಿನ ಗಾಜಿನ ಧೂಳು ಒರೆಸಿದ.

“ಬಾವುಟ ಕಾಣಲಿಲ್ಲೇನು ನಿನಗ?” ಎಂದು ಕೇಳಿದೆ.

“ಕೈ ಕಂಡ್ತು,” ಎಂದ. “ಬಾವುಟ ಎಲ್ಲಿ ನೋಡ್ಲಿ? ಕೈ ಕಂಡ್ರ ತುಳಿ ಅಂದಿದ್ದೆಲ್ಲ ನೀ.”

“ಅಂದ್ರ ತಪ್ಪೆಲ್ಲಾ ನಂದಽ ಈಗ?”

“ಮತ್ತ ಯಾರ್ದು? ಕುರಿವೇನು?”

ಗವಿಸಿದ್ದೇಶನ ಕಡೆಯವರು ಪೇಢೆ ಹಂಚುತ್ತ ಬಂದರು. ಅಣ್ಣ ಒಂದು ತೆಗೆದುಕೊಂಡು ಅರ್ಧ ಮುರಿದು ನನಗೆ ಕೊಟ್ಟ. ನಾನು ತಿನ್ನಲಿಲ್ಲ. ಸಿಟ್ಟಿನಿಂದ ಕಾರಿನ ಹತ್ತಿರ ಹೋಗಿ ಬಾಗಿಲಿನ ಮೇಲಿದ್ದ ಹದಿನೇಳರ ಅಂಕಿಯನ್ನು ಉಗುರಿನಿಂದ ಕೆರೆಯತೊಡಗಿದೆ.

“ಏ, ಕೀಳಬ್ಯಾಡ,” ಎಂದು ಕುಳಿತಲ್ಲಿಂದಲೇ ಕೂಗಿದ. “ಬಣ್ಣ ಹೊಕ್ಕೈತಿ!”

ಆ ಬಾಗಿಲಿಗೆ ಇನ್ನೂ ಬಣ್ಣವನ್ನೇ ಹೊಡೆದಿರಲಿಲ್ಲ.