ಚಂಪಕತ್ತೆ ಎಸೆದ ಮುಲಾಮು

ಮಲಗುವ ಮುಂಚೆ ನನ್ನ ಎರಡೂ ಕೈಗಳಿಗೆ ಬಿಳಿ ಬಟ್ಟೆಯ ಚೀಲ ತೊಡಿಸಿ ಮಣಿಕಟ್ಟಿನ ಬಳಿ ಲಾಡಿ ಬಿಗಿಯುತ್ತಿದ್ದರು. ನಿದ್ದೆಯಲ್ಲಿ ಮೈ ಕೆರೆದುಕೊಳ್ಳದಿರಲಿ ಎಂದು ಚಂಪಕತ್ತೆ ಅಪ್ಪನ ಹಳೆಯ ಪಂಚೆಯಿಂದ ಹೊಲಿದ ಚೀಲಗಳವು. ಬೆಳಿಗ್ಗೆ ಬಿಚ್ಚುವಾಗ ಅದರ ಮೇಲೆ ಕಂದು ಕಲೆ ಇದ್ದರೆ, ಬಟ್ಟೆಯ ಮೇಲಿಂದಲೇ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದೇನೆ ಎಂದರ್ಥ. ಕಲೆ ಕಂಡ ದಿನ ನಮ್ಮ ಮನೆಯಲ್ಲಿ ಜಗಳ ಕಾಫಿಗಿಂತ ಮೊದಲೇ ಶುರುವಾಗುತ್ತಿತ್ತು.

ನನಗೆ ಹುಟ್ಟಿದಂದಿನಿಂದ ಇಸುಬು. ಮೊಣಕೈಯ ಮಡಿಕೆಯಲ್ಲಿ, ಮಂಡಿಯ ಹಿಂದೆ, ಕೆಲವೊಮ್ಮೆ ಕೆನ್ನೆಯ ಮೇಲೂ ಚರ್ಮ ಕೆಂಪಾಗಿ, ಒರಟಾಗಿ, ಒಡೆದು ನೀರು ಒಸರುತ್ತಿತ್ತು. ಮೈ ನನ್ನದಾದರೂ ಅದರ ಮೇಲಿನ ಹಕ್ಕಿಗಾಗಿ ಹೊಡೆದಾಡುತ್ತಿದ್ದವರು ಇಬ್ಬರು: ನನ್ನ ಅಮ್ಮ ಅಂಬುಜ, ಮತ್ತು ಅಪ್ಪನ ಅಕ್ಕ ಚಂಪಕ. ಅಪ್ಪನನ್ನು ಸಾಕಿ ಬೆಳೆಸಿದವಳು ಅತ್ತೆ, ಮನೆಯೂ ಅವಳದೇ. ಮದುವೆಯಾಗಿ ಹೋದವಳು ಏಕೋ ಒಂದೇ ವರ್ಷಕ್ಕೆ ತವರಿಗೆ ಮರಳಿ, ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ಸದಾ ಕಿಟಕಿಗೆ ಬೆನ್ನು ಹಾಕಿ ಕೂರುವುದು, ಕೆನ್ನೆಯ ಮೇಲೆ ಸೆರಗು ಎಳೆದುಕೊಂಡೇ ಇರುವುದು ಅವಳ ಪದ್ಧತಿ. ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ.

"ಒಲೆ ಮುಂದೆ ಬಂದ್ರೆ ರಾಣಿಯಮ್ಮನ ಬಣ್ಣ ಇಳಿದುಹೋಗುತ್ತೆ," ಎಂದು ಅಮ್ಮ ಪಾತ್ರೆಗಳಿಗೆ ಹೇಳುವಂತೆ ಹೇಳುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಯಂತ್ರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಜೋರಾಗುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ನನ್ನ ಕಾಟ ತಡೆಯಲಾರದೆ ಅಮ್ಮ ಒಂದು ದಿನ ಚರ್ಮದ ಡಾಕ್ಟರು ನಳಿನಾಕ್ಷಿಯವರಲ್ಲಿಗೆ ಕರೆದುಕೊಂಡು ಹೋದಳು. ಅವರು ಒಂದು ಡಬ್ಬಿ ಬಿಳಿಯ ಲೇಪ, ಒಂದು ಸಣ್ಣ ಟ್ಯೂಬು ಬರೆದುಕೊಟ್ಟು, ಎರಡು ವಾರಕ್ಕೆ ಬಂದು ತೋರಿಸಿ ಎಂದಿದ್ದರು. ಮನೆಗೆ ಬಂದು ಅಮ್ಮ ಅವನ್ನು ಜಗಲಿಯ ಮೇಲಿಟ್ಟಳು. ಅತ್ತೆ ಟ್ಯೂಬನ್ನು ಎತ್ತಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು.

"ಇದು ಸ್ಟೀರಾಯ್ಡು. ಇದು ಈ ಮನೆಗೆ ಬರಕೂಡದು."

"ಡಾಕ್ಟ್ರು ಕೊಟ್ಟಿದ್ದು, ಅತ್ತಿಗೆ."

"ಯಾರು ಕೊಟ್ಟರೂ ಅಷ್ಟೇ." ಅಷ್ಟು ಹೇಳಿ ಅತ್ತೆ ಬೀದಿಯ ಚರಂಡಿಗೆ ಅದನ್ನು ಎಸೆದಳು. ಕಪ್ಪು ನೀರಿನಲ್ಲಿ ಬಿಳಿ ಟ್ಯೂಬು ಒಮ್ಮೆ ತಿರುಗಿ ಕಲ್ಲಿನ ಕೆಳಗೆ ಹೋಯಿತು. ಅಮ್ಮ ಡಾಕ್ಟರ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೆಯ ದಿನವೇ ಅವಳು ಅದೇ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಳು. ಆ ಟ್ಯೂಬು ಇರಲಿಲ್ಲ. ಅಂಗಡಿಯವನು ಬೇರೊಂದು ಕೊಟ್ಟು, "ಇದು ಅದಕ್ಕಿಂತ ಸ್ಟ್ರಾಂಗು, ಬೇಗ ಹಿಡಿಯುತ್ತೆ," ಎಂದ. ಬೇಗ ಎಂಬ ಮಾತೇ ಅಮ್ಮನಿಗೆ ಬೇಕಾಗಿದ್ದದ್ದು. ಟ್ಯೂಬು ರಾಗಿ ಹಿಟ್ಟಿನ ಡಬ್ಬದ ಒಳಗೆ, ತಳಕ್ಕೆ ಹೋಯಿತು. ಅತ್ತೆ ಗುಡಿಗೋ ಗಿರಾಕಿಗಳ ಮನೆಗೋ ಹೋದಾಗ ಬಚ್ಚಲಿನ ಬಾಗಿಲು ಹಾಕಿಕೊಂಡು ಅಮ್ಮ ನನಗೆ ಅದನ್ನು ಬಳಿಯುತ್ತಿದ್ದಳು. ಮತ್ತೆ ಯಾವಾಗ ಸಮಯ ಸಿಗುವುದೋ ಎಂದು ದಪ್ಪಗೆ ಹಚ್ಚುತ್ತಿದ್ದಳು. ಕೈಗೆ, ಕಾಲಿಗೆ, ಉಳಿದದ್ದನ್ನು ಕೆನ್ನೆಗೆ. "ಅತ್ತೆ ಕೇಳಿದ್ರೆ ತೆಂಗಿನೆಣ್ಣೆ ಅನ್ನು."

ಮುಲಾಮು ಕೆಲಸ ಮಾಡಿತು. ವಾರ ಕಳೆಯುವುದರೊಳಗೆ ನನ್ನ ಚರ್ಮ ಬೇರೆ ಯಾರದೋ ಎಂಬಷ್ಟು ನಯವಾಯಿತು. ಕೈಚೀಲಗಳು ಬೆಳಿಗ್ಗೆಯೂ ಬೆಳ್ಳಗೆ ಉಳಿದವು. ಅಮ್ಮ ಅವನ್ನು ಅತ್ತೆಗೆ ಕಾಣುವಂತೆ ತಂತಿಯ ಮೇಲೆ ಒಣಹಾಕುತ್ತಿದ್ದಳು. ತೋರಿಸಲು ಬನ್ನಿ ಎಂದಿದ್ದ ಡಾಕ್ಟರ ಬಳಿಗೆ ಹೋಗಲಿಲ್ಲ. ವಾಸಿಯಾದ ಮೇಲೆ ಹೋಗುವುದೇಕೆ, ಹೋದರೆ ಅತ್ತೆಗೆ ಸುಳಿವು ಸಿಗುವುದಿಲ್ಲವೇ. ಹಚ್ಚುವುದನ್ನು ನಿಲ್ಲಿಸಿದಾಗಲೆಲ್ಲ ಇಸುಬು ಮೊದಲಿಗಿಂತ ಕೆಟ್ಟದಾಗಿ ಎದ್ದು ಬರುತ್ತಿತ್ತು. ಅಮ್ಮ ಮತ್ತೊಂದು ಟ್ಯೂಬು ತರುತ್ತಿದ್ದಳು. ಹೀಗೆಯೇ ಮಳೆಗಾಲ ಮುಗಿದು ಚಳಿಯೂ ಮುಗಿಯಿತು.

ಬೇಸಿಗೆಯ ಆರಂಭದಲ್ಲಿ ಅತ್ತೆ ನನಗೊಂದು ಲಂಗ ಹೊಲಿಯಲು ಅಳತೆ ತೆಗೆಯುತ್ತಿದ್ದಳು. ಟೇಪನ್ನು ಭುಜಕ್ಕೆ ಹಿಡಿದವಳು ಇದ್ದಕ್ಕಿದ್ದಂತೆ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನನ್ನ ಕೆನ್ನೆಗಳು ಆಗ ಯಾವಾಗಲೂ ಕೆಂಪಗಿರುತ್ತಿದ್ದವು, ಬಿಸಿಲಿಗೆ ಹೋದರೆ ಉರಿಯುತ್ತಿದ್ದವು. ನೋಡಿದವರು ಸೇಬಿನಂಥ ಕೆನ್ನೆ ಎನ್ನುತ್ತಿದ್ದರು. ಅತ್ತೆ ಸೇಬು ಎನ್ನಲಿಲ್ಲ. ನನ್ನ ತೋಳು ಮಡಿಸಿ, ಮೊಣಕೈಯ ಒಳಗಿನ ಚರ್ಮದ ಮೇಲೆ ಹೆಬ್ಬೆರಳು ಸವರಿದಳು. ಈರುಳ್ಳಿಯ ಪೊರೆಯ ಹಾಗೆ ತೆಳ್ಳಗಾಗಿದ್ದ ಅದರ ಕೆಳಗೆ ನೀಲಿ ನರಗಳು ಕಾಣುತ್ತಿದ್ದವು.

"ಏನು ಹಚ್ತಾಳೆ ನಿಮ್ಮಮ್ಮ?"

"ತೆಂಗಿನೆಣ್ಣೆ."

ಅತ್ತೆ ಎದ್ದಳು. ನನಗೆ ನೆನಪಿರುವಂತೆ ಅವಳು ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮ ಮುದ್ದೆ ತಿರುವುತ್ತಿದ್ದಳು. ಅತ್ತೆ ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಒಳಗೆ ಕೈ ಹಾಕುತ್ತಾ ಹೋದಳು. ಮೊಣಕೈವರೆಗೆ ರಾಗಿ ಹಿಟ್ಟು ಮೆತ್ತಿಕೊಂಡ ಕೈ ಹೊರಬಂದಾಗ ಅದರಲ್ಲಿ ಟ್ಯೂಬು ಇತ್ತು.

"ಮಗುವನ್ನ ಸುಟ್ಟೆಯಲ್ಲೇ," ಎಂದಳು ಅತ್ತೆ. ದನಿ ಏರಿರಲಿಲ್ಲ.

"ಸುಟ್ಟಿಲ್ಲ, ವಾಸಿ ಮಾಡಿದ್ದೀನಿ. ಅವಳು ರಕ್ತ ಸೋರಿಸಿಕೊಂಡು ಒದ್ದಾಡ್ತಿದ್ದಾಗ ನೀವು ಚೀಲ ಹೊಲಿದಿರಿ, ಅಷ್ಟೇ. ಹೆತ್ತಿದ್ರೆ ಗೊತ್ತಾಗೋದು ನಿಮಗೆ."

ಅಂಥ ಮಾತು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅತ್ತೆ ಒಲೆಯ ಹತ್ತಿರಕ್ಕೆ, ಬೆಂಕಿಯ ಬೆಳಕಿಗೆ ನಡೆದು ಬಂದು, ಸೆರಗನ್ನು ಕೆನ್ನೆಯಿಂದ ಕೆಳಗಿಳಿಸಿದಳು.

"ನೋಡು."

ಅತ್ತೆಯ ಮುಖ ನಾನು ಅಂದುಕೊಂಡಂತೆ ಬೆಳ್ಳಗಿರಲಿಲ್ಲ. ಎರಡೂ ಕೆನ್ನೆಗಳ ತುಂಬ ಕೆಂಪು ದಾರದಂಥ ನರಗಳು ಹೆಣೆದುಕೊಂಡಿದ್ದವು. ಅಲ್ಲಲ್ಲಿ ಕುಳಿ, ಗುಳ್ಳೆ. ದವಡೆಯ ಮೇಲೆ ಗಂಡಸರಿಗಿದ್ದಂತೆ ಕೂದಲು. ಒಲೆಯ ಕಾವಿಗೆ ಅದು ನಮ್ಮ ಕಣ್ಣೆದುರೇ ಇನ್ನಷ್ಟು ಕೆಂಪೇರುತ್ತಿತ್ತು.

"ಹದಿನಾರನೇ ವಯಸ್ಸಲ್ಲಿ ಮುಖಕ್ಕೆ ಬಂಗು ಬಂತು ಅಂತ ಒಬ್ಬಳು ಇಂಥದ್ದೇ ಸ್ಟೀರಾಯ್ಡು ಕ್ರೀಮು ಕೊಟ್ಟಳು. ಬೆಳ್ಳಗಾಗ್ತೀಯ ಅಂದಳು, ಆದೆ. ನನ್ನ ನೋಡೋಕೆ ಬಂದೋರು ಮೆಚ್ಚಿದ್ದು ಆ ಕ್ರೀಮನ್ನೇ. ಗಂಡನ ಮನೇಲಿ ಅದು ಸಿಗಲಿಲ್ಲ, ಬಿಟ್ಟೆ. ಬಿಟ್ಟ ಮೇಲೆ ಮುಖ ಹೀಗೆ ಎದ್ದಿತು. ಅಂಟುಜಾಡ್ಯದವಳನ್ನ ನಮ್ಮ ತಲೆಗೆ ಕಟ್ಟಿದ್ರು ಅಂತ ನನ್ನ ತಂದು ಬಿಟ್ಟುಹೋದ್ರು."

ಅಮ್ಮನ ಕೈಯಲ್ಲಿದ್ದ ಕೋಲಿನಿಂದ ಹಿಟ್ಟು ಕಳಚಿ ಬೀಳುತ್ತಿತ್ತು. ಅವಳ ಕಣ್ಣಲ್ಲಿ ನೀರು ಬರುವುದೆಂದು ನಾನು ಕಾದೆ. ಬರಲಿಲ್ಲ.

"ಇದನ್ನ ಅವತ್ತೇ ಹೇಳೋಕೇನಾಗಿತ್ತು?" ಎಂದಳು.

"ಹೇಳಿದ್ದಿದ್ರೆ ನೀನು ನಗ್ತಿದ್ದೆ."

ಅಮ್ಮ ಸ್ವಲ್ಪ ಯೋಚಿಸಿದಳು. "ಹೌದು," ಎಂದಳು, "ನಗ್ತಿದ್ದೆ."

ಅಂದು ಸಂಜೆಯೇ ನನ್ನನ್ನು ಮಧ್ಯೆ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ನಳಿನಾಕ್ಷಿಯವರ ಎದುರು ಕೂತರು. ಡಾಕ್ಟರು ಟ್ಯೂಬು ನೋಡಿದರು, ನನ್ನ ಕೆನ್ನೆ ನೋಡಿದರು, ಕಥೆಯೆಲ್ಲ ಕೇಳಿದರು. ಅವರೂ ಮೃದು ಮಾತಿನವರಲ್ಲ.

"ಇದು ಅಂಗಾಲಿನಂಥ ದಪ್ಪ ಚರ್ಮಕ್ಕೆ ಕೊಡೋ ಔಷಧಿ. ನೀವಿದನ್ನ ಮಗುವಿನ ಮುಖಕ್ಕೆ ತಿಂಗಳುಗಟ್ಟಲೆ ಬಳಿದಿದ್ದೀರಿ," ಎಂದರು ಅಮ್ಮನಿಗೆ. ಅತ್ತೆಯ ತಲೆ ಒಂದಿಷ್ಟು ಮೇಲೆದ್ದಿತು. ಡಾಕ್ಟರು ಅವಳತ್ತ ತಿರುಗಿದರು. "ನೀವು ಚರಂಡಿಗೆ ಎಸೆದಿರಲ್ಲ, ಅದೇ ಸರಿಯಾದ ಟ್ಯೂಬು. ಕಡಿಮೆ ಶಕ್ತಿಯದು. ಅದನ್ನ ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದ್ದಿದ್ರೆ ಈ ಹುಡುಗಿ ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ನಿಮ್ಮ ಮುಖ ಕೆಡಿಸಿದ್ದು ಔಷಧಿ ಅನ್ನೋದಕ್ಕಿಂತ, ಅದನ್ನ ಯಾರೂ ಕೇಳೋರಿಲ್ಲದೆ ವರ್ಷಗಟ್ಟಲೆ ಬಳಿದದ್ದು."

ಆಮೇಲೆ ಅವರು ಹೊಸದಾಗಿ ಹೇಳಿದರು. ಮುಖಕ್ಕೆ ಆ ಮುಲಾಮು ಪೂರ್ತಿ ಬಂದ್. ಬಿಟ್ಟ ಕೂಡಲೇ ಕೆಲವು ವಾರ ಮುಖ ಇನ್ನೂ ಕೆಂಪಾಗಿ ಉರಿಯುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚಿದರೆ ಕಥೆ ಮೊದಲಿಂದ ಶುರು. ಆಗಾಗ ಕರೆದುಕೊಂಡು ಬಂದು ತೋರಿಸಬೇಕು. ಬಿಳಿಯ ಲೇಪವನ್ನು ಇಸುಬು ಇರಲಿ ಬಿಡಲಿ ದಿನವೂ ಮೈಗೆಲ್ಲ ಹಚ್ಚಬೇಕು. ಕೈಕಾಲಿನ ಮಡಿಕೆಗಳಿಗೆ ಮಾತ್ರ, ಕೆರಳಿದಾಗ ಮಾತ್ರ, ಮೊದಲು ಕೊಟ್ಟಿದ್ದ ಸಣ್ಣ ಟ್ಯೂಬು. ಚರ್ಮ ತಣ್ಣಗಾದ ಮೇಲೆ ಅವರನ್ನು ಕೇಳಿ ನಿಲ್ಲಿಸುವುದು. ಎಷ್ಟು ಹಚ್ಚಬೇಕೆಂಬುದನ್ನು ತಮ್ಮ ತೋರುಬೆರಳ ಮೇಲೆ ತೋರಿಸಿದರು. ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.

"ನಿಮ್ಮ ಮುಖವನ್ನೂ ನೋಡ್ತೀನಿ," ಎಂದರು ಕೊನೆಗೆ.

"ನಾನು ನನಗೋಸ್ಕರ ಬಂದಿಲ್ಲ," ಎಂದು ಅತ್ತೆ ಸೆರಗು ಎಳೆದುಕೊಂಡಳು. ಎಷ್ಟೋ ಕಾಲದ ಮೇಲೆ ಅವಳು ಒಬ್ಬಳೇ ಅಲ್ಲಿಗೆ ಹೋಗಿಬಂದಳೆಂದು ಅಪ್ಪ ಹೇಳಿದ. ಅವಳಾಗಿ ಹೇಳಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ನನ್ನ ಮುಖ ಊದಿ, ಕಣ್ಣು ಬಿಡಲಾಗದಷ್ಟು ಉರಿಯಿತು. ಕೈಗೆ ಮತ್ತೆ ಚೀಲ ಬಂದಿತು. ಒಂದು ಮಧ್ಯಾಹ್ನ ನನ್ನ ಅಳು ಕೇಳಲಾರದೆ ಅಮ್ಮ ಪರ್ಸು ಎತ್ತಿಕೊಂಡು ಅಂಗಡಿಗೆ ಹೊರಟಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಇನ್ನು ಸ್ವಲ್ಪ ದಿನ. ಇದು ಇಳಿಯುತ್ತೆ. ನನಗೆ ಗೊತ್ತು."

"ನಿಮಗೆ ಇಳಿಯಲಿಲ್ವಲ್ಲ."

"ಇಲ್ಲಿಗೆ ಬಂದ ಮೇಲೆ ನಾನು ತಡೆಯಲಾರದೆ ಮತ್ತೆ ಮತ್ತೆ ಅದನ್ನೇ ಹಚ್ಚಿಕೊಂಡೆ. ನನ್ನನ್ನ ತಡೆಯೋಕೆ ಯಾರೂ ಇರಲಿಲ್ಲ."

ಅಮ್ಮ ಅವಳನ್ನು ತಳ್ಳಿಕೊಂಡು ಹೋಗಬಹುದಿತ್ತು; ಅತ್ತೆಗಿಂತ ಗಟ್ಟಿಯಾಗಿದ್ದಳು. ಹೋಗಲಿಲ್ಲ. ಅತ್ತೆ ತಣ್ಣೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ ನನ್ನ ಮುಖದ ಮೇಲೆ ಹಾಸುತ್ತಾ ಕೂತಳು. ಬಟ್ಟೆ ಬಿಸಿಯಾದಾಗಲೆಲ್ಲ ಅಮ್ಮ ತಂಬಿಗೆಯ ನೀರನ್ನು ಬದಲಾಯಿಸಿ, ಠಣ್ಣೆಂದು ಸದ್ದಾಗುವಂತೆ ಪಕ್ಕದಲ್ಲಿ ಕುಕ್ಕಿ ಹೋಗುತ್ತಿದ್ದಳು.

ಉರಿ ನಿಧಾನಕ್ಕೆ ಇಳಿಯಿತು. ದ್ವೇಷ ಇಳಿಯಲಿಲ್ಲ. ಹೆತ್ತಿದ್ದರೆ ಎಂದು ಆಡಿದ ಮಾತನ್ನು ಅಮ್ಮ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅತ್ತೆ ಮರೆಯಲೂ ಇಲ್ಲ. ಅಮ್ಮನ ಕೈಗೆ ಟ್ಯೂಬು ಕೊಟ್ಟರೆ ಸುರಿದುಬಿಡುತ್ತಾಳೆಂದು ಅತ್ತೆ ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆಯ ಕೈಗೆ ಬಿಟ್ಟರೆ ಭಯಕ್ಕೆ ಹಚ್ಚುವುದೇ ಇಲ್ಲವೆಂದು ಅಮ್ಮ ನನ್ನ ಮೈ ಮುಟ್ಟಲು ಅವಳಿಗೆ ಬಿಡಲಿಲ್ಲ.

ಹಾಗಾಗಿ ಕೈ ಮಡಿಕೆ ಕೆರಳಿದ ದಿನಗಳಲ್ಲಿ, ಸ್ನಾನ ಮುಗಿಸಿ ಲೇಪ ಹಚ್ಚಿಸಿಕೊಂಡು ನಾನು ಚಾಪೆಯ ಮೇಲೆ ಕೂತಾಗ, ಇಬ್ಬರೂ ನನ್ನ ಎರಡು ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಅತ್ತೆ ತನ್ನ ತೋರುಬೆರಳ ಮೇಲೆ ಬಿಳಿಯ ಎಳೆಯೊಂದನ್ನು ಹಿಂಡಿ ಚಾಚುತ್ತಿದ್ದಳು.

"ಕಡಿಮೆಯಾಯ್ತು," ಎನ್ನುತ್ತಿದ್ದಳು ಅಮ್ಮ.

"ಗೆರೆವರೆಗೂ ಇದೆ. ಕಣ್ಣಿದ್ರೆ ನೋಡು."

ಅಮ್ಮ ಬಗ್ಗಿ ನೋಡುತ್ತಿದ್ದಳು. ಆಮೇಲೆ ತನ್ನ ಬೆರಳನ್ನು ಅತ್ತೆಯ ಬೆರಳ ಉದ್ದಕ್ಕೂ ಒಮ್ಮೆ, ನಿಧಾನವಾಗಿ, ಏನೂ ಉಳಿಯದಂತೆ ಸವರಿ ತೆಗೆದುಕೊಳ್ಳುತ್ತಿದ್ದಳು.